ಕೋಲದಂಗಳದಿಂದ ಪಿಎಚ್.ಡಿ.ವರೆಗೆ: ಧರ್ಮದ ಮನಃಶಾಸ್ತ್ರ ಓದಬೇಕೆನ್ನುವ ಕರಾವಳಿಯ ವಿದ್ಯಾರ್ಥಿಗಳಿಗೆ

ಪ್ರತಿ ವರ್ಷ ಕೋಲದ, ಅಂದರೆ ದೈವಾರಾಧನೆಯ, ಕಾಲ ಶುರುವಾಗುವ ಹೊತ್ತಿಗೆ ಯಾರಾದರೂ ಒಬ್ಬ ವಿದ್ಯಾರ್ಥಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳುವುದುಂಟು: “ಮೇಡಂ, ನಮ್ಮ ದೊಡ್ಡಪ್ಪನಿಗೆ ದರ್ಶನ ಬರ್ತದೆ. ಅದನ್ನು ಸೈಕಾಲಜಿಯಲ್ಲಿ ಓದ್ಲಿಕ್ಕೆ ಆಗ್ತದಾ?”

ಆಗುತ್ತದೆ. ದರ್ಶನವೆಂದರೆ ಮೈಮೇಲೆ ದೈವ ಬರುವುದು. ಅಂಥದ್ದನ್ನು ಓದಲೆಂದೇ ಧರ್ಮದ ಮನಃಶಾಸ್ತ್ರ ಎಂಬ ಶಾಖೆ ಉಂಟು. ಅದಕ್ಕೆ ನೂರಿಪ್ಪತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ, ಅದರದೇ ಆದ ಸಂಶೋಧನಾ ಪತ್ರಿಕೆಗಳಿವೆ. ಆದರೆ ಪಿಯುಸಿ ಮುಗಿಸಿ ಅರ್ಜಿ ಹಾಕಿ ಸೇರಿಬಿಡುವ ಕೋರ್ಸ್ ಅಲ್ಲ ಇದು. ಸೈಕಾಲಜಿಯ ಹೆದ್ದಾರಿಯಲ್ಲೇ ನಡೆಯುತ್ತ, ಎಲ್ಲೋ ಒಂದು ಕಡೆ ನಿಮ್ಮದೇ ಕಾಲುದಾರಿ ಹಿಡಿಯಬೇಕು. ಆ ದಾರಿಯಲ್ಲಿ ನಾನು ಹೋದೆ, ಎಡವಿದೆ. ಈಗ ವಿದ್ಯಾರ್ಥಿಗಳಿಗೆ ಬಾಯಲ್ಲಿ ಹೇಳುತ್ತಿರುವುದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನು ತಿದ್ದಿಕೊಳ್ಳಿ

“ದೈವ ಬರುವುದು ನಿಜವಾ, ನಟನೆಯಾ?” ಹೆಚ್ಚಿನವರು ಈ ಪ್ರಶ್ನೆ ಹಿಡಿದುಕೊಂಡೇ ಬರುತ್ತಾರೆ. ಇದನ್ನು ಮೊದಲ ದಿನವೇ ಬದಿಗಿಡಬೇಕು. ಸ್ವಿಟ್ಜರ್ಲೆಂಡಿನ ಥಿಯೊಡೋರ್ ಫ್ಲೂರ್ನ್ವಾ ಈ ಶಾಸ್ತ್ರದ ಆರಂಭದ ದಿನಗಳಲ್ಲೇ ಒಂದು ಕಟ್ಟಳೆ ಹಾಕಿಕೊಟ್ಟರು: ದೇವರು ಇದ್ದಾನೆಂದೂ ಇಲ್ಲವೆಂದೂ ಮನಃಶಾಸ್ತ್ರಜ್ಞ ತೀರ್ಪು ಕೊಡಕೂಡದು, ಮನುಷ್ಯನ ಅನುಭವ ಮತ್ತು ನಡವಳಿಕೆಯಷ್ಟೇ ಅವನ ಪಾಲು. ಅದು ಇಂದಿಗೂ ನಮ್ಮ ಲಕ್ಷ್ಮಣರೇಖೆ.

ಆ ಗೆರೆಯೊಳಗೆ ನಿಂತು ನೋಡಿದರೆ ಬೇರೆ ಪ್ರಶ್ನೆಗಳು ಕಾಣತೊಡಗುತ್ತವೆ. ದೈವದ ಅಭಯದ ನುಡಿ ಕೇಳಿದ ಮೇಲೆ ಮನೆಯವರ ಆತಂಕ ಕಡಿಮೆಯಾಗುತ್ತದೆಯೇ, ಆಗುವುದಾದರೆ ಎಷ್ಟು ದಿನಕ್ಕೆ? ದರ್ಶನ ಪಾತ್ರಿಗೆ ಮರುದಿನ ಏನು ನೆನಪಿರುತ್ತದೆ? ಆಸ್ತಿ ಜಗಳವಾಡಿಕೊಂಡ ಅಣ್ಣತಮ್ಮಂದಿರು ತಂಬಿಲದ (ಮನೆದೈವದ ಸೇವೆಯ) ದಿನ ಒಂದೇ ಎಲೆಸಾಲಿನಲ್ಲಿ ಕೂತು ಉಂಡರೆ ಅವರ ನಡುವಿನ ವಿಶ್ವಾಸದಲ್ಲಿ ವ್ಯತ್ಯಾಸವಾಗುತ್ತದೆಯೇ? ಇವುಗಳಿಗೆ ಉತ್ತರ ಹುಡುಕಬಹುದು, ಬಂದ ಉತ್ತರ ತಪ್ಪಾಗಿದ್ದರೆ ತಪ್ಪೆಂದು ತೋರಿಸಲೂಬಹುದು. ಈ ಎರಡನೆಯದು ಮುಖ್ಯ. ತಪ್ಪಾಗಲು ಸಾಧ್ಯವೇ ಇಲ್ಲದಂತೆ ಕಟ್ಟಿದ ಪ್ರಶ್ನೆಯಿಂದ ಪ್ರಬಂಧ ಹುಟ್ಟುವುದಿಲ್ಲ.

ಪದವಿಯಲ್ಲಿ ಏನು ಓದಬೇಕು

ಬಿ.ಎ. ಅಥವಾ ಬಿ.ಎಸ್ಸಿ.ಯಲ್ಲಿ ಸೈಕಾಲಜಿ ಇರಲಿ. ಜೊತೆಗೆ ಸಮಾಜಶಾಸ್ತ್ರವೋ ಸಂಖ್ಯಾಶಾಸ್ತ್ರವೋ ಸಿಕ್ಕರೆ ಬಿಡಬೇಡಿ. ಒಂದೇ ಆಯ್ಕೆ ಇದ್ದರೆ ಸಂಖ್ಯಾಶಾಸ್ತ್ರ ತೆಗೆದುಕೊಳ್ಳಿ. ಧರ್ಮದ ಬಗ್ಗೆ ಓದಲು ಬರುವವರಲ್ಲಿ ಹಲವರಿಗೆ ಲೆಕ್ಕವೆಂದರೆ ಭಯ. ಕತೆ, ಪಾಡ್ದನ (ತುಳು ಕಥನಗೀತೆ), ಅನುಭವ ಇವೇ ಸಾಕು ಅಂದುಕೊಂಡಿರುತ್ತಾರೆ. ಸಹಸಂಬಂಧಕ್ಕೂ ಕಾರಣಕ್ಕೂ ಇರುವ ವ್ಯತ್ಯಾಸ ಗೊತ್ತಿಲ್ಲದವರು ಈ ಕ್ಷೇತ್ರದಲ್ಲಿ ಬಹಳ ಬೇಗ ದಾರಿ ತಪ್ಪುತ್ತಾರೆ. ಭಕ್ತಿ ಇದ್ದವರಿಗೆ ಬಿಪಿ ಕಡಿಮೆ ಎಂಬಂಥ ಸುದ್ದಿ ಓದಿದಾಗ, ಕಾಯಿಲೆಯಲ್ಲಿ ಮಲಗಿದವರು ದೇವಸ್ಥಾನಕ್ಕೆ ನಡೆದು ಹೋಗಲಾರರು ಎಂಬುದು ಕೂಡಲೇ ಹೊಳೆಯಬೇಕು.

ಎಂ.ಎ. ಅಥವಾ ಎಂ.ಎಸ್ಸಿ. ಕೂಡ ಸೈಕಾಲಜಿಯಲ್ಲೇ ಆಗಲಿ. ಕಾರಣ ಸರಳ: ಮುಂದೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯುವುದೂ ಕೆಲಸ ಸಿಗುವುದೂ ಆ ವಿಷಯದಲ್ಲೇ. ಕ್ಲಿನಿಕಲ್ ಕಡೆಗೆ ಹೋಗಿ ಚಿಕಿತ್ಸೆ ಕೊಡುವ ಆಸೆ ಇದ್ದರೆ ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಬೇರೆಯೇ ತರಬೇತಿ ಬೇಕು. ಮಣಿಪಾಲದಲ್ಲಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕ್ಲಿನಿಕಲ್ ಸೈಕಾಲಜಿ ವಿಭಾಗಗಳಿವೆ. ಬರೀ ಸಂಶೋಧನೆ ಮತ್ತು ಪಾಠ ಸಾಕೆನ್ನುವವರಿಗೆ ಅದು ಕಡ್ಡಾಯವಲ್ಲ. ಊರು ಬಿಟ್ಟು ಹೋಗಬಲ್ಲವರು ಮೈಸೂರಿನ ಮಾನಸಗಂಗೋತ್ರಿಯನ್ನೂ ನೋಡಿ. ಅಲ್ಲಿಯ ಸೈಕಾಲಜಿ ವಿಭಾಗ 1924ರಷ್ಟು ಹಳೆಯದು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ ಮುಂದೆ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿ ‘ಆಕಾಶವಾಣಿ’ ಎಂಬ ಹೆಸರಿಗೆ ಕಾರಣರಾದವರು.

ಸ್ನಾತಕೋತ್ತರದ ಕೊನೆಯ ವರ್ಷದ ಡಿಸರ್ಟೇಶನ್ (ಕಿರು ಪ್ರಬಂಧ) ನಿಮಗೆ ಸಿಗುವ ಮೊದಲ ಅವಕಾಶ. ಎಲ್ಲರೂ ಮೊಬೈಲ್ ಚಟ, ಪರೀಕ್ಷಾ ಭಯ ಎಂದು ವಿಷಯ ತೆಗೆದುಕೊಳ್ಳುವಾಗ ನೀವು ಹರಕೆಯ ಬಗ್ಗೆ ಇಪ್ಪತ್ತು ಜನರನ್ನು ಮಾತಾಡಿಸಿ. ಚಿಕ್ಕದಾಗಿಯೇ ಇರಲಿ. ಪಿಎಚ್.ಡಿ. ಸಂದರ್ಶನದಲ್ಲಿ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.

ಓದಿನ ಎರಡು ಕಪಾಟು

ಒಂದು ಕಪಾಟು ಹೊರಗಿನದು. ವಿಲಿಯಂ ಜೇಮ್ಸ್ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳು 1902ರಲ್ಲಿ ಪುಸ್ತಕವಾದವು. ಶುರು ಮಾಡುವುದು ಅಲ್ಲಿಂದಲೇ. ಅವರ ಶಿಷ್ಯ ಎಡ್ವಿನ್ ಸ್ಟಾರ್‌ಬಕ್ ಪ್ರಶ್ನಾವಳಿ ಕಳಿಸಿ ಕೂಡಿಹಾಕಿದ್ದ ಜನರ ಬರಹಗಳನ್ನು ಜೇಮ್ಸ್ ಧಾರಾಳವಾಗಿ ಬಳಸಿಕೊಂಡಿದ್ದಾರೆ. ಆಮೇಲೆ ಗಾರ್ಡನ್ ಆಲ್‌ಪೋರ್ಟ್, ಕಷ್ಟಕಾಲದಲ್ಲಿ ಧರ್ಮ ಹೇಗೆ ಆಸರೆಯಾಗುತ್ತದೆ, ಹೇಗೆ ಹೊರೆಯೂ ಆಗುತ್ತದೆ ಎಂದು ಅಳೆದ ಕೆನೆತ್ ಪಾರ್ಗಮೆಂಟ್, ನಮ್ಮವರೇ ಆದ ಸುಧೀರ್ ಕಕ್ಕರ್. ಬಾಲಾಜಿ ಮಂದಿರ, ದರ್ಗಾ, ವೈದ್ಯರ ಮನೆ ಸುತ್ತಿ ಭಾರತದ ಚಿಕಿತ್ಸಾ ಪರಂಪರೆಗಳ ಬಗ್ಗೆ ಕಕ್ಕರ್ 1982ರಲ್ಲಿ ಬರೆದದ್ದನ್ನು ಬಿಟ್ಟು ಇಲ್ಲಿ ಯಾರೂ ಮುಂದೆ ಹೋಗಬಾರದು.

ಪ್ರಯೋಗದ ರುಚಿ ಬೇಕಾದವರು ದಿಮಿತ್ರಿಸ್ ಸಿಗಾಲಾಟಸ್ ಮತ್ತು ಸಂಗಡಿಗರ ಕೆಲಸ ನೋಡಿ. ಸ್ಪೇನಿನ ಒಂದು ಹಳ್ಳಿಯಲ್ಲಿ ಕೆಂಡ ಹಾಯುವವರ ಮತ್ತು ನೋಡುವವರ ಎದೆಬಡಿತವನ್ನು ದಾಖಲಿಸಿದಾಗ, ಹಾಯುವವನ ಬಂಧುಬಳಗದ ಬಡಿತ ಅವನ ಬಡಿತದೊಂದಿಗೆ ಏರಿ ಇಳಿದಿತ್ತು. ಹೊರಗಿನಿಂದ ಬಂದ ಪ್ರೇಕ್ಷಕರಲ್ಲಿ ಹಾಗಾಗಲಿಲ್ಲ. ಮಾರಿಷಸ್‌ನ ತಮಿಳರ ಕಾವಡಿಯಲ್ಲಿ ನಡೆಸಿದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೈಗೆ ಸೂಜಿ ಚುಚ್ಚಿಕೊಳ್ಳುವ ಕಠಿಣ ಸೇವೆಯ ನಂತರ ಜನ ಸಾಮೂಹಿಕ ಪ್ರಾರ್ಥನೆಯ ನಂತರಕ್ಕಿಂತ ಹೆಚ್ಚು ಹಣವನ್ನು ದಾನಕ್ಕೆ ಕೊಟ್ಟರು. ಇವನ್ನು ಓದುವಾಗ ನಮ್ಮ ಊರಿನ ಕೆಂಡಸೇವೆ ಕಣ್ಣ ಮುಂದೆ ಬಾರದಿದ್ದರೆ ಆಶ್ಚರ್ಯ.

ಇನ್ನೊಂದು ಕಪಾಟು ಇಲ್ಲಿಯದು. ಅದನ್ನು ಬಿಟ್ಟವರ ಪ್ರಬಂಧ ಓದಲಾಗುವುದಿಲ್ಲ. ಎ.ಸಿ. ಬರ್ನೆಲ್ ಸಂಗ್ರಹಿಸಿದ ಭೂತಗಳ ಪಾಡ್ದನಗಳು 1890ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದವು. ಆ ಕಾಲದ ಬಿಳಿಯರ ಧೋರಣೆ ಅದರ ತಲೆಬರಹದಲ್ಲೇ ಇದೆ, ಆದರೂ ಪಠ್ಯ ಅಮೂಲ್ಯ. ತುಳು ಜಾನಪದ ವಿದ್ವಾಂಸರಾದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಕೆಲಸಗಳು, ತುಳು ಮಹಾಕಾವ್ಯದ ನಾಯಕಿ ಸಿರಿಯ ಆರಾಧನೆಯ ಬಗ್ಗೆ ಪೀಟರ್ ಕ್ಲಾಸ್ 1975ರಲ್ಲಿ ಬರೆದ ಲೇಖನ, ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು ಫಿನ್ಲೆಂಡಿನ ಲೌರಿ ಹೋಂಕೊ 1998ರಲ್ಲಿ ಹೊರತಂದ ಸಂಪುಟಗಳು: ಇವಿಷ್ಟನ್ನು ಎಂ.ಎ. ಮುಗಿಯುವುದರೊಳಗೆ ಓದಿ. ಉಡುಪಿಯ ಎಂಜಿಎಂ ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಕೂತು ತುಳು ನಿಘಂಟಿನ ಆರು ಸಂಪುಟಗಳ ಹಾಳೆ ಮಗುಚಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನ ಕಾಗದಪತ್ರ ಬೇಕಿದ್ದರೆ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೆ ಹೋಗಿ.

ನಾನು ಪಿಎಚ್.ಡಿ.ಗೆ ಮೊದಲ ಸಲ ಸಿನಾಪ್ಸಿಸ್ ಕೊಟ್ಟಾಗ ಸೈಕಾಲಜಿಯವರು “ಇದು ಜಾನಪದ” ಎಂದರು. ಜಾನಪದದವರು “ಇದು ಸೈಕಾಲಜಿ” ಎಂದರು. ಒಂದೂವರೆ ವರ್ಷ ಹೋಯಿತು. ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಎರಡು ಕಪಾಟಿನ ಓದನ್ನು ಅಕ್ಕಪಕ್ಕ ಇಟ್ಟಿದ್ದೆ, ಒಂದರಿಂದ ಇನ್ನೊಂದಕ್ಕೆ ಪ್ರಶ್ನೆ ಕೇಳಿರಲಿಲ್ಲ.

ಆ ಕೇಳುವುದು ಹೇಗೆ

ಆಲ್‌ಪೋರ್ಟ್‌ರನ್ನೇ ತೆಗೆದುಕೊಳ್ಳಿ. ಅವರನ್ನು ಜೀವನವಿಡೀ ಕಾಡಿದ್ದು ಒಂದು ಪ್ರಶ್ನೆ: ಎಲ್ಲರನ್ನೂ ಪ್ರೀತಿಸು ಎನ್ನುವ ಧರ್ಮದವರಲ್ಲೇ ಜನಾಂಗದ್ವೇಷ ಯಾಕೆ ಹೆಚ್ಚು ಕಾಣುತ್ತದೆ? 1967ರಲ್ಲಿ ಅವರು ಮತ್ತು ಮೈಕೆಲ್ ರಾಸ್ ಧಾರ್ಮಿಕತೆಯನ್ನು ಎರಡಾಗಿ ಬಿಡಿಸಿದರು. ಧರ್ಮವನ್ನೇ ಬದುಕುವುದು ಒಂದು, ಧರ್ಮವನ್ನು ಬೇರೆ ಲಾಭಕ್ಕೆ ಬಳಸುವುದು ಇನ್ನೊಂದು. ಪೂರ್ವಗ್ರಹ ಎರಡನೆಯವರಲ್ಲಿ ಹೆಚ್ಚು ಕಂಡಿತು, ಎರಡನ್ನೂ ಒಪ್ಪುವವರಲ್ಲಿ ಇನ್ನೂ ಹೆಚ್ಚು.

ಈ ಪ್ರಶ್ನೆಯನ್ನು ಮಂಗಳೂರಿನ ಬಳಿಯ ಕುತ್ತಾರಿಗೆ ತನ್ನಿ. ಚಿನ್ನ ಕಳೆದರೆ, ದನ ತಪ್ಪಿಸಿಕೊಂಡರೆ, ಕೆಲಸ ಸಿಗದಿದ್ದರೆ ಎಲ್ಲ ಜಾತಿಯವರೂ ಎಲ್ಲ ಧರ್ಮದವರೂ ಕೊರಗ ಸಮುದಾಯದಿಂದ ಬಂದ ದೈವ ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದೆಲೆ, ಶೇಂದಿ ಹರಕೆ ಹೇಳುತ್ತಾರೆ. ಅದೇ ನೆಲದಲ್ಲಿ ಕೊರಗ ಸಮುದಾಯದವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುವಂಥ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಸರ್ಕಾರ ಕಾಯ್ದೆಯನ್ನೇ ತರಬೇಕಾಯಿತು. ಅಜ್ಜನ ಕಟ್ಟೆಗೆ ಕೈಮುಗಿಯುವವರು ಕೊರಗರ ಮನೆಯಲ್ಲಿ ನೀರು ಕುಡಿಯುತ್ತಾರೆಯೇ? ಭಕ್ತಿ ಆಳವಾದಂತೆ ಆ ದೂರ ಕಡಿಮೆಯಾಗುತ್ತದೆಯೇ, ಅಥವಾ ಭಕ್ತಿಗೂ ದೂರಕ್ಕೂ ಸಂಬಂಧವೇ ಇಲ್ಲವೇ? ಆಲ್‌ಪೋರ್ಟ್‌ರ ಪ್ರಶ್ನೆ ಇಲ್ಲಿ ಎಷ್ಟು ಹರಿತವಾಗುತ್ತದೆ ನೋಡಿ. ಇದನ್ನು ಯಾರಾದರೂ ಕೈಗೆತ್ತಿಕೊಳ್ಳಬೇಕೆಂದು ನನಗೆ ಬಹಳ ಆಸೆ. ಕೊರಗ ಸಮುದಾಯದ ವಿದ್ಯಾರ್ಥಿಯೇ ಕೈಗೆತ್ತಿಕೊಂಡರೆ ಇನ್ನೂ ಒಳ್ಳೆಯದು.

ಅದೇ ರೀತಿ ಉತ್ತರವನ್ನೂ ತಿರುಗಿಸಿ ನೋಡಬೇಕು. ಆಲ್‌ಪೋರ್ಟ್‌ರ ಲೆಕ್ಕದಲ್ಲಿ ಹರಕೆ ಎಂದರೆ ಲಾಭದ ಧರ್ಮ, ಅಷ್ಟೇನೂ ಪಕ್ವವಲ್ಲದ್ದು. ನಮ್ಮಲ್ಲಿ ಕಟೀಲು ಮೇಳದ ಹರಕೆಯಾಟಕ್ಕೆ (ಹರಕೆಯ ಯಕ್ಷಗಾನಕ್ಕೆ) ವರ್ಷಗಟ್ಟಲೆ ಕಾಯುತ್ತಾರೆ. ಹರಕೆ ಹೊತ್ತ ಅಜ್ಜ ತೀರಿಕೊಂಡು ಮೊಮ್ಮಗ ಆಟ ಆಡಿಸುವುದೂ ಉಂಟು. ಕೆಲಸ ಆಗಿ ಎಷ್ಟೋ ಕಾಲವಾಗಿದೆ, ಲಾಭ ಕೈಸೇರಿಯಾಗಿದೆ, ಆದರೂ “ಹರಕೆ ಬಾಕಿ ಉಂಟು” ಎಂಬ ಮಾತು ಮನೆಯನ್ನು ಬಿಡುವುದಿಲ್ಲ. ಕೊಟ್ಟ ಮಾತಿನ ಋಣವನ್ನು ವ್ಯಾಪಾರ ಎಂದು ಗುರುತು ಹಾಕುವ ಅಳತೆಗೋಲು ನಮ್ಮ ಊರಲ್ಲಿ ಕೆಲಸಕ್ಕೆ ಬಾರದು.

ಅಳತೆಗೋಲು ತುಳುವಿಗೆ ಬರುವಾಗ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಏಕೆಂದರೆ ಹೆಚ್ಚಿನ ಪ್ರಬಂಧಗಳು ಸೋಲುವುದು ಇಲ್ಲೇ.

ಡ್ಯೂಕ್ ಸೂಚ್ಯಂಕ ಎಂಬ ಐದೇ ಪ್ರಶ್ನೆಗಳ ಅಳತೆಗೋಲು ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೊದಲ ಪ್ರಶ್ನೆ, ನೀವು ಚರ್ಚಿಗೆ ಅಥವಾ ಇತರ ಧಾರ್ಮಿಕ ಸಭೆಗಳಿಗೆ ಎಷ್ಟು ಸಲ ಹೋಗುತ್ತೀರಿ ಎಂಬುದು. ನಾನು ‘ಚರ್ಚು’ ಇದ್ದಲ್ಲಿ ‘ದೇವಸ್ಥಾನ’ ಹಾಕಿ ಬಂಟ್ವಾಳದ ಒಂದು ಮನೆಗೆ ಹೋದೆ. ಚಾವಡಿಯಲ್ಲಿ ಅರುವತ್ತು ದಾಟಿದ ಒಬ್ಬರು ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ತಡ್ಪೆ, ಅದರಲ್ಲಿ ಕತ್ತರಿಸಿದ ಎಲೆ, ಒಂದು ಬದಿಗೆ ಹೊಗೆಸೊಪ್ಪು. ಮಾತಾಡುವಾಗ ಕೈ ನಿಲ್ಲಲಿಲ್ಲ.

“ದೊಡ್ಡಮ್ಮ, ದೇವಸ್ಥಾನಕ್ಕೆ ಎಷ್ಟು ಸಲ ಹೋಗ್ತೀರಿ?”

“ವರ್ಷಕ್ಕೊಂದು ಸಲ, ಜಾತ್ರೆಗೆ.”

ಗುರುತು ಹಾಕಿಕೊಂಡೆ. ಆರರಲ್ಲಿ ಎರಡಂಕ. ನಾನು ಮುಂದಿನ ಪ್ರಶ್ನೆಗೆ ಹೋಗುವಷ್ಟರಲ್ಲಿ ಅವರು ನೂಲು ಸುತ್ತುತ್ತ ಹೇಳಿದರು: “ದೈವೊ ಇಲ್ಲಡೇ ಉಂಡತ್ತಾ ಮಗಾ, ಪೋಪಿನಿ ಓಡೆಗ್?” ದೈವ ಮನೆಯಲ್ಲೇ ಉಂಟಲ್ಲ ಮಗಾ, ಹೋಗುವುದು ಎಲ್ಲಿಗೆ? ತಲೆ ಎತ್ತಿ ನೋಡಿದೆ. ಚಾವಡಿಯ ಮೂಲೆಯಲ್ಲಿ ಉಜ್ಜಾಲು (ದೈವದ ಉಯ್ಯಾಲೆ), ಅದರ ಕೆಳಗೆ ಆ ದಿನದ ದೀಪ. ಪ್ರತಿ ಸಂಜೆ ದೀಪ ಇಡದೆ ಅನ್ನಕ್ಕೆ ಕೂರದ ಆ ಹೆಂಗಸು ನನ್ನ ಕಾಗದದಲ್ಲಿ ಬಹುತೇಕ ನಾಸ್ತಿಕಳಾಗಿದ್ದರು.

‘ನಂಬಿಕೆ’ಯದು ಇನ್ನೂ ದೊಡ್ಡ ಕತೆ. ನನ್ನ ಧಾರ್ಮಿಕ ನಂಬಿಕೆಗಳೇ ನನ್ನ ಇಡೀ ಬದುಕಿನ ರೀತಿಗೆ ಆಧಾರ ಎಂಬ ಹೇಳಿಕೆಯನ್ನು ಓದಿದೆ. ಅವರಿಗೆ ಅರ್ಥವಾಗಲಿಲ್ಲ. ತುಳುವಿನಲ್ಲಿ ದೈವವನ್ನು ನಂಬುವುದು ಎಂದರೆ ಇದೆ ಎಂದು ಒಪ್ಪುವುದಲ್ಲ. ಹಿರಿಯರಿಂದ ನಂಬಿಕೊಂಡು ಬಂದದ್ದು ಎಂದರೆ ನೋಡಿಕೊಂಡು ಬಂದದ್ದು, ಹೊತ್ತಿಗೆ ಹೊತ್ತಿಗೆ ಸಲ್ಲಿಸಿಕೊಂಡು ಬಂದದ್ದು. ಅದು ತಲೆಯೊಳಗಿನ ಅಭಿಪ್ರಾಯವಲ್ಲ, ಕುಟುಂಬದ ಸಂಬಂಧ. ಇಂಗ್ಲಿಷಿನ ಆ ಒಂದು ಪದದ ಮೇಲೆ ನಿಂತ ಅಳತೆಗೋಲುಗಳನ್ನು ಹಾಗೆಯೇ ತಂದು ಇಲ್ಲಿ ಅಳೆದರೆ, ಅಳತೆಯೇನೋ ಬರುತ್ತದೆ. ಯಾವುದರ ಅಳತೆ ಎಂದು ಹೇಳಲಾಗದು.

ಹಾಗಾದರೆ ಏನು ಮಾಡಬೇಕು? ಇಬ್ಬರು ಬೇರೆ ಬೇರೆಯಾಗಿ ತುಳುವಿಗೆ ಅನುವಾದಿಸಲಿ. ಮೂಲವನ್ನು ನೋಡದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ. ಎರಡನ್ನೂ ಎದುರುಬದುರು ಇಟ್ಟು ವ್ಯತ್ಯಾಸ ಹಿಡಿಯಿರಿ. ಆಮೇಲೆ ಎಂಟು ಹತ್ತು ಜನರ ಹತ್ತಿರ ಹೋಗಿ ಪ್ರಶ್ನೆ ಓದಿ, ಉತ್ತರ ಬರೆದುಕೊಂಡು, “ಈ ಉತ್ತರ ಹೇಳುವಾಗ ನಿಮ್ಮ ಮನಸ್ಸಿಗೆ ಏನು ಬಂತು?” ಎಂದು ಕೇಳಿ. ಈ ಕೊನೆಯ ಪ್ರಶ್ನೆಯನ್ನು ಹೆಚ್ಚಿನವರು ಬಿಡುತ್ತಾರೆ, ದಯವಿಟ್ಟು ಬಿಡಬೇಡಿ. ಪ್ರಶ್ನೆ ಮನೆಗೆ ತಲುಪಿತೋ ದಾರಿಯಲ್ಲೇ ಉಳಿಯಿತೋ ಎಂದು ಅದು ಮಾತ್ರ ಹೇಳುತ್ತದೆ. ಬ್ಯಾರಿ, ಕೊಂಕಣಿ ಮನೆಗಳಿಗೂ ಇದೇ ಕ್ರಮ. ಉಳ್ಳಾಲ ದರ್ಗಾಕ್ಕೆ ಹೋಗುವವರ ಹರಕೆಯ ಮಾತು, ಮೊಂತಿ ಹಬ್ಬಕ್ಕೆ ತೆನೆ ತರುವ ಕ್ರೈಸ್ತ ಮನೆಯ ಮಾತು, ಬೇರೆ ಬೇರೆಯೇ ಆಗಿರುತ್ತವೆ.

ಶ್ರಮಕ್ಕೆ ಫಲ ಉಂಟು. ಜೋಸೆಫ್ ಹೆನ್ರಿಕ್ ಮತ್ತು ಸಂಗಡಿಗರು 2010ರಲ್ಲಿ ಎತ್ತಿ ತೋರಿಸಿದ ಲೆಕ್ಕದಂತೆ, ಮನಃಶಾಸ್ತ್ರದ ಅಧ್ಯಯನಗಳಲ್ಲಿ ಪಾಲ್ಗೊಂಡವರ ಪೈಕಿ ಶೇಕಡ 96ರಷ್ಟು ಮಂದಿ ಜಗತ್ತಿನ ಶೇಕಡ 12ರಷ್ಟು ಜನಸಂಖ್ಯೆ ಇರುವ ದೇಶಗಳವರು. 2011ರ ಜನಗಣತಿಯಲ್ಲಿ ತುಳು ಮಾತಾಡುವವರು 18 ಲಕ್ಷಕ್ಕೂ ಮೇಲೆ. ಹದಿನೆಂಟು ಲಕ್ಷ ಜನರ ಧಾರ್ಮಿಕ ಬದುಕನ್ನು ಅವರದೇ ಭಾಷೆಯಲ್ಲಿ ಚೆನ್ನಾಗಿ ಅಳೆಯುವ ಒಂದು ಅಳತೆಗೋಲು ಮಾಡಿಕೊಟ್ಟರೆ ಅದೊಂದೇ ಪಿಎಚ್.ಡಿ.ಗೆ ಸಾಕು. ಹಾರ್ವರ್ಡ್‌ನಲ್ಲಿ ಓದಿದವರಿಗೆ ಇಲ್ಲದ ಬಂಡವಾಳ, ಮನೆಮಾತು, ನಿಮ್ಮಲ್ಲಿದೆ.

ಅಂಗಳಕ್ಕೆ ಕಾಲಿಡುವ ಮೊದಲು

ಸಂಸ್ಥೆಯ ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಒಬ್ಬರನ್ನೂ ಮಾತಾಡಿಸಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ (ಐಸಿಎಂಆರ್) 2017ರ ಮಾರ್ಗಸೂಚಿಯನ್ನು ಓದಿಕೊಂಡೇ ಅರ್ಜಿ ಬರೆಯಿರಿ. ಕಾಗದದಾಚೆಗಿನ ಸಂಗತಿಗಳು ಇವು.

ಗುತ್ತಿನ (ದೈವದ ಜವಾಬ್ದಾರಿ ಹೊತ್ತ ಹಿರಿಮನೆಯ) ಯಜಮಾನರು ಒಪ್ಪಿದರೆ ದೈವ ಕಟ್ಟುವವರು ಒಪ್ಪಿದಂತೆ ಅಲ್ಲ. ನಲಿಕೆ, ಪಂಬದ, ಪರವ ಸಮುದಾಯದ ಕಲಾವಿದರಿಗೆ ಯಜಮಾನರ ಎದುರು “ಆಗ್ಲಿಕ್ಕಿಲ್ಲ” ಎನ್ನುವುದು ಸುಲಭವಲ್ಲ. ಅವರ ಮನೆಗೇ ಹೋಗಿ, ಯಜಮಾನರು ಇಲ್ಲದಾಗ, ಬೇಡವೆನ್ನುವ ಪೂರ್ತಿ ಸ್ವಾತಂತ್ರ್ಯ ಕೊಟ್ಟು ಕೇಳಿ. ನೇಮದ (ಕೋಲದ) ರಾತ್ರಿ ಅವರನ್ನು ಮಾತಾಡಿಸಬೇಡಿ. ಮುಖಕ್ಕೆ ಅರದಾಳ ಹಚ್ಚಿಕೊಳ್ಳುತ್ತ ಕುಳಿತವರು ಆಗಲೇ ಬೇರೊಂದಕ್ಕೆ ಸಿದ್ಧರಾಗುತ್ತಿರುತ್ತಾರೆ. ಅವರಿಗೆ ಎದೆಬಡಿತ ಅಳೆಯುವ ಪಟ್ಟಿ ಕಟ್ಟುವ ಆಸೆ ನನಗೂ ಇತ್ತು. ಒಬ್ಬ ಹಿರಿಯ ಕಲಾವಿದರು, “ಗಗ್ಗರ (ಕಾಲ್ಗೆಜ್ಜೆ) ಕಟ್ಟಿದ ಮೇಲೆ ನನ್ನ ಮೈ ನನ್ನದಲ್ಲ ಅಕ್ಕ, ಒಪ್ಪಿಗೆ ಕೊಡುವುದು ಯಾರು?” ಎಂದು ಕೇಳಿದರು. ಆ ಪ್ರಶ್ನೆಗೆ ನನ್ನ ಅರ್ಜಿ ನಮೂನೆಯಲ್ಲಿ ಉತ್ತರ ಇರಲಿಲ್ಲ. ಪಟ್ಟಿ ಕೈಬಿಟ್ಟೆ. ಮೂರು ದಿನ ಬಿಟ್ಟು ಅವರ ಮನೆಯಲ್ಲಿ ಕೂತು ಮಾತಾಡಿದ್ದು ಪ್ರಬಂಧದ ಅತ್ಯುತ್ತಮ ಅಧ್ಯಾಯವಾಯಿತು.

ಸಿರಿ ಜಾತ್ರೆಯಲ್ಲಿ ಇನ್ನೂ ಎಚ್ಚರ ಬೇಕು. ನಂದಳಿಕೆ, ಹಿರಿಯಡ್ಕ, ಕವತ್ತಾರಿನಂಥ ಕಡೆ ಹುಣ್ಣಿಮೆಯ ರಾತ್ರಿ ಹಿಂಗಾರ ಹಿಡಿದು ಸಾಲಾಗಿ ನಿಂತ ಹೆಂಗಸರು ಸಿರಿಯಾಗಿ, ಅವಳ ಮಗಳು ಸೊನ್ನೆಯಾಗಿ, ಚೆನ್ನೆಮಣೆಯಾಟದಲ್ಲಿ ಜಗಳವಾಡಿದ ಅಬ್ಬಗ ದಾರಗರಾಗಿ ಅಳುತ್ತಾರೆ, ಮಾತಾಡುತ್ತಾರೆ, ಸಿರಿಯ ಮಗ ಕುಮಾರನಾದವನು ಅವರ ಹತ್ತಿರ ಬಂದು ಕೇಳುತ್ತಾನೆ. ಗಂಡನ ಮನೆಯಲ್ಲಿ ಹೇಳಲಾಗದ ಸಂಕಟ ಅಲ್ಲಿ ಹೊರಬರುತ್ತದೆ. ಹೆಸರು ಬದಲಿಸಿದರೆ ಸಾಲದು. ಊರು, ವಯಸ್ಸು, ಉದ್ಯೋಗ ಮೂರನ್ನೂ ಬರೆದರೆ ನಮ್ಮಂಥ ಸಣ್ಣ ಊರುಗಳಲ್ಲಿ ಯಾರೆಂದು ಎಲ್ಲರಿಗೂ ತಿಳಿಯುತ್ತದೆ. ಒಂದನ್ನಾದರೂ ಬಿಡಿ. ಮೊಬೈಲಿನಲ್ಲಿ ವಿಡಿಯೊ ತೆಗೆಯಲೇಬೇಡಿ.

ಆವೇಶವೆಂದರೆ ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿ ಐಸಿಡಿ-11ರಲ್ಲಿ ಆವೇಶಕ್ಕೆ ಸಂಬಂಧಿಸಿದ ತೊಂದರೆಯ ಹೆಸರಿದೆ. ಆದರೆ ಅದು ವ್ಯಕ್ತಿಗೆ ಬೇಡವಾಗಿ ಬಂದು, ಸಮುದಾಯ ಒಪ್ಪಿದ ಆಚರಣೆಯ ಹೊರಗಿದ್ದು, ಬದುಕನ್ನು ಕೆಡಿಸುತ್ತಿದ್ದರೆ ಮಾತ್ರ. ಜಾತ್ರೆಯಲ್ಲಿ ಸಿರಿಯಾಗುವ ಹೆಂಗಸಿಗೆ ರೋಗದ ಹೆಸರು ಕೊಡುವ ಅಧಿಕಾರ ನಿಮಗಿಲ್ಲ. ನಿಜವಾಗಿ ಕಾಯಿಲೆ ಇರುವವರೂ ಅದೇ ಜಾತ್ರೆಗೆ ಬಂದಿರುತ್ತಾರೆ. ಅವರು ಕಂಡಾಗ ಸಂಶೋಧನೆ ಬದಿಗಿಟ್ಟು, ಮನೆಯವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟು, ಹತ್ತಿರದ ಮನೋವೈದ್ಯರ ದಾರಿ ಹೇಳಿ.

ಗುಡಿಯಲ್ಲಿ ಗುಣವಾಗುವ ಬಗ್ಗೆ ಎರಡು ಸಂಗತಿಗಳನ್ನು ಜೊತೆಗಿಟ್ಟುಕೊಳ್ಳಿ. ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಒಂದು ಗುಡಿಯಲ್ಲಿ ಉಳಿದುಕೊಂಡ, ತೀವ್ರ ಮಾನಸಿಕ ಕಾಯಿಲೆಯ 31 ಜನರನ್ನು ಅಳೆದು 2002ರಲ್ಲಿ ಬರೆದರು. ಸರಾಸರಿ ಆರು ವಾರದಲ್ಲಿ ಲಕ್ಷಣಗಳು ಶೇಕಡ 20ರಷ್ಟು ಇಳಿದಿದ್ದವು. ಔಷಧ ಇರಲಿಲ್ಲ, ವಿಶೇಷ ವಿಧಿಯೂ ಇರಲಿಲ್ಲ, ಬೈಯದೆ ಇರಗೊಟ್ಟ ಜಾಗವೊಂದಿತ್ತು. ಅದಕ್ಕೂ ಒಂದು ವರ್ಷ ಮೊದಲು, 2001ರ ಆಗಸ್ಟ್‌ನಲ್ಲಿ, ಅದೇ ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿ ಕಟ್ಟಿಹಾಕಿದ್ದ ಮಾನಸಿಕ ರೋಗಿಗಳು ಓಡಲಾಗದೆ ಸುಟ್ಟು 28 ಜನ ಸತ್ತರು. ಎರಡರಲ್ಲಿ ಒಂದನ್ನು ಮಾತ್ರ ಉಲ್ಲೇಖಿಸುವ ಸಂಶೋಧಕರ ಬರಹವನ್ನು ನಾನು ಪೂರ್ತಿ ನಂಬುವುದಿಲ್ಲ.

ನೆಟ್, ಗೈಡ್, ಪಿಎಚ್.ಡಿ.

ಇಲ್ಲಿ ಲೆಕ್ಕ ಸರಳ. ಸ್ನಾತಕೋತ್ತರದಲ್ಲಿ ಶೇಕಡ 55 ಬೇಕು, ಮೀಸಲಾತಿ ಇರುವವರಿಗೆ ಶೇಕಡ 5ರ ವಿನಾಯಿತಿ. ಯುಜಿಸಿ ನೆಟ್ ವರ್ಷಕ್ಕೆ ಎರಡು ಸಲ: ಮೂರು ಗಂಟೆ, 150 ಪ್ರಶ್ನೆ, 300 ಅಂಕ. ಸೈಕಾಲಜಿ ಪತ್ರಿಕೆ ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳನ್ನು ಇಂಗ್ಲಿಷಿನಲ್ಲೇ ರೂಢಿಸಿಕೊಳ್ಳಿ. ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಅದು ಇದ್ದರೆ ಗೈಡ್ ಹುಡುಕುವುದೂ ಹಗುರ. 2024ರಿಂದ ಬರೀ ಪಿಎಚ್.ಡಿ. ಪ್ರವೇಶಕ್ಕೂ ನೆಟ್ ಅಂಕವನ್ನೇ ಪರಿಗಣಿಸುವ ಕ್ರಮ ಬಂದಿದೆ. ಜೆಆರ್‌ಎಫ್ ಇಲ್ಲದವರು ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಪರಿಷತ್ತಿನ (ಐಸಿಎಸ್‌ಎಸ್‌ಆರ್) ಡಾಕ್ಟೋರಲ್ ಫೆಲೋಶಿಪ್‌ಗೆ ಹಾಕಿ.

ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚು ಅವಕಾಶ, 240 ದಿನದವರೆಗೆ ಹೆರಿಗೆ ರಜೆ ಕೂಡ ಉಂಟು. ಇದನ್ನು ಕೇಳಿ ಪಡೆಯಿರಿ, ತಾನಾಗಿ ಯಾರೂ ಹೇಳುವುದಿಲ್ಲ.

ಗೈಡ್ ಧರ್ಮದ ಮನಃಶಾಸ್ತ್ರದವರೇ ಆಗಬೇಕೆಂದರೆ ಜೀವನವಿಡೀ ಕಾಯಬೇಕಾದೀತು. ಒಳ್ಳೆಯ ಸಾಮಾಜಿಕ ಅಥವಾ ಆರೋಗ್ಯ ಮನಃಶಾಸ್ತ್ರಜ್ಞರನ್ನು ಹುಡುಕಿ, ಸಹಮಾರ್ಗದರ್ಶಕರಾಗಿ ಜಾನಪದದವರನ್ನೋ ಮಾನವಶಾಸ್ತ್ರದವರನ್ನೋ ಸೇರಿಸಿಕೊಳ್ಳಿ. ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಸೀಟು ಖಾಲಿ ಇದೆಯೇ ಎಂದು ಮೊದಲು ಕೇಳಿ. ಮೊದಲ ಇಮೇಲ್‌ನಲ್ಲಿ “ಆಧ್ಯಾತ್ಮದಲ್ಲಿ ಆಸಕ್ತಿ” ಎಂದು ಬರೆಯಬೇಡಿ. ಒಂದು ಪ್ರಶ್ನೆ, ಒಂದು ಜನಸಮೂಹ, ಒಂದು ವಿಧಾನ ಬರೆಯಿರಿ.

ಹೊರದೇಶದ ಆಸೆ ಇರುವವರು ಜೆಕ್ ದೇಶದ ಬರ್ನೋದಲ್ಲಿ ಧರ್ಮದ ಪ್ರಾಯೋಗಿಕ ಅಧ್ಯಯನಕ್ಕೆಂದೇ ಇರುವ ಲೆವಿನಾ ಪ್ರಯೋಗಾಲಯ, ಡೆನ್ಮಾರ್ಕಿನ ಆರ್ಹುಸ್ ಇವನ್ನು ನೋಡಿ.

ಕೆಲಸ ಮತ್ತು ಪ್ರಕಟಣೆ

ಧರ್ಮದ ಮನಃಶಾಸ್ತ್ರಜ್ಞ ಬೇಕಾಗಿದ್ದಾರೆ ಎಂಬ ಜಾಹೀರಾತಿಗೆ ಕಾಯಬೇಡಿ. ಕೆಲಸ ಸಿಗುವುದು ಸೈಕಾಲಜಿ ಸಹಾಯಕ ಪ್ರಾಧ್ಯಾಪಕರಾಗಿ. ನೆಟ್ ಅಥವಾ ಕೆಸೆಟ್ (ರಾಜ್ಯದ ಅರ್ಹತಾ ಪರೀಕ್ಷೆ) ಪಾಸಾದರೆ ಅರ್ಹತೆ, ಯುಜಿಸಿ ವೇತನಶ್ರೇಣಿಯಲ್ಲಿ ಮೂಲವೇತನ 57,700ರಿಂದ ಶುರು. ಅದಕ್ಕೆ ಮುಂಚೆ ಕೆಲವು ವರ್ಷ ಅತಿಥಿ ಉಪನ್ಯಾಸಕರಾಗಿ ದುಡಿಯಬೇಕಾಗಬಹುದು, ಮನೆಯವರಿಗೆ ಅದನ್ನು ಮೊದಲೇ ಹೇಳಿಬಿಡಿ. ಬೆಳವಣಿಗೆಯ ಮನಃಶಾಸ್ತ್ರ, ಸಂಖ್ಯಾಶಾಸ್ತ್ರ, ಸಂಶೋಧನಾ ವಿಧಾನ ಈ ಮೂರನ್ನು ಚೆನ್ನಾಗಿ ಪಾಠ ಮಾಡಬಲ್ಲವರನ್ನು ಯಾವ ಕಾಲೇಜೂ ಬೇಡವೆನ್ನುವುದಿಲ್ಲ.

ಬರೆದದ್ದನ್ನು ‘ಇಂಟರ್‌ನ್ಯಾಷನಲ್ ಜರ್ನಲ್ ಫಾರ್ ದ ಸೈಕಾಲಜಿ ಆಫ್ ರಿಲಿಜನ್’, ‘ಮೆಂಟಲ್ ಹೆಲ್ತ್, ರಿಲಿಜನ್ ಆ್ಯಂಡ್ ಕಲ್ಚರ್’ನಂಥ ಪತ್ರಿಕೆಗಳಿಗೆ ಕಳಿಸಿ. ತಿರಸ್ಕಾರ ಬಂದರೂ ವಿಮರ್ಶಕರ ಟಿಪ್ಪಣಿ ಸಿಗುತ್ತದೆ, ಅದೇ ಪಾಠ. ಹತ್ತು ದಿನದಲ್ಲಿ ಅಚ್ಚು ಮಾಡಿಕೊಡುತ್ತೇವೆ, ಇಷ್ಟು ಹಣ ಕಳಿಸಿ ಎನ್ನುವವರ ಕಡೆ ತಿರುಗಿಯೂ ನೋಡಬೇಡಿ. ಮತ್ತು ಒಂದು ಆವೃತ್ತಿ ಕನ್ನಡದಲ್ಲಿ ಬರೆಯಿರಿ. ನಿಮಗೆ ಉತ್ತರ ಕೊಟ್ಟವರು ಓದಬಲ್ಲದ್ದು ಅದನ್ನೇ.

ಮನೆಯವರು, ನಿಮ್ಮ ನಂಬಿಕೆ

“ದೈವದ ವಿಷಯದಲ್ಲಿ ಕೈ ಹಾಕ್ಬೇಡ” ಎಂದು ಅಮ್ಮ ಹೇಳಿಯೇ ಹೇಳುತ್ತಾರೆ. ಅವರೊಂದಿಗೆ ವಾದಕ್ಕಿಳಿಯಬೇಡಿ. ಮನೆಯ ತಂಬಿಲಕ್ಕೆ ಹೋಗಿ, ಪ್ರಸಾದ ತೆಗೆದುಕೊಳ್ಳಿ, ಬೇಕೆನಿಸಿದರೆ ಕೈಮುಗಿಯಿರಿ. ನಂಬುವವರೂ ನಂಬದವರೂ ಈ ಶಾಸ್ತ್ರದಲ್ಲಿ ಒಳ್ಳೆಯ ಕೆಲಸ ಮಾಡಿದ್ದಾರೆ. ನನ್ನ ಅಭ್ಯಾಸವೊಂದನ್ನು ಹೇಳುತ್ತೇನೆ: ಪ್ರತಿ ಕ್ಷೇತ್ರಕಾರ್ಯಕ್ಕೆ ಮುಂಚೆ ಒಂದು ಹಾಳೆಯಲ್ಲಿ, ಫಲಿತಾಂಶ ಏನು ಬಂದರೆ ನನಗೆ ಸಂತೋಷ, ಏನು ಬಂದರೆ ಸಂಕಟ ಎಂದು ಬರೆದು ದಿನಾಂಕ ಹಾಕಿಡುತ್ತೇನೆ. ವಿಶ್ಲೇಷಣೆ ಮುಗಿದ ಮೇಲೆ ತೆರೆದು ನೋಡುತ್ತೇನೆ. ಸಂತೋಷದ ಫಲಿತಾಂಶವೇ ಬಂದಿದ್ದರೆ ಲೆಕ್ಕವನ್ನು ಇನ್ನೊಮ್ಮೆ ಮಾಡುತ್ತೇನೆ.

ವರ್ಷದ ಲೆಕ್ಕ

ಯುನಿವರ್ಸಿಟಿಯ ಕ್ಯಾಲೆಂಡರ್ ಹಿಡಿದು ಇಲ್ಲಿ ಕ್ಷೇತ್ರಕಾರ್ಯ ಆಗುವುದಿಲ್ಲ. ಕೋಲ, ನೇಮ, ಜಾತ್ರೆ ಎಲ್ಲ ದೀಪಾವಳಿ ಕಳೆದ ಮೇಲೆ ಚುರುಕಾಗಿ, ಬೇಶ ತಿಂಗಳ ಹತ್ತಕ್ಕೆ, ಅಂದರೆ ಮೇ 24ರ ಸುಮಾರಿಗೆ, ಪತ್ತನಾಜೆಯೊಂದಿಗೆ ನಿಲ್ಲುತ್ತವೆ. ಗಗ್ಗರ ಒಳಗೆ ಹೋದರೆ ಮತ್ತೆ ಹೊರಬರುವುದು ಮಳೆ ಮುಗಿದ ಮೇಲೆ. ಎಥಿಕ್ಸ್ ಕಮಿಟಿಗೆ ಅರ್ಜಿ ಜುಲೈ ಒಳಗೆ ಹೋಗಲಿ, ಒಂದೆರಡು ಸಲ ತಿದ್ದಿ ತರಲು ಹೇಳುತ್ತಾರೆ. ಚೌತಿ, ಮೊಂತಿ ಹಬ್ಬದ ಹೊತ್ತಿಗೆ ಪ್ರಶ್ನಾವಳಿಯ ಪರೀಕ್ಷೆ ಮುಗಿಸಿ. ನವೆಂಬರಿನಿಂದ ಮೇ ತನಕ ಅಂಗಳದಲ್ಲಿರಿ.

ಉಳಿದದ್ದು ಮಳೆಗಾಲಕ್ಕೆ. ಒಂದು ಗಂಟೆಯ ತುಳು ಸಂದರ್ಶನವನ್ನು ಅಕ್ಷರಕ್ಕಿಳಿಸಲು ನನಗೆ ಆರೇಳು ಗಂಟೆ ಬೇಕು. ಅಂಥ ನಲವತ್ತು ಸಂದರ್ಶನವಿದ್ದರೆ ಆಟಿ ತಿಂಗಳಿಡೀ ಅದೇ ಕೆಲಸ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಇಯರ್‌ಫೋನ್ ಹಾಕಿಕೊಂಡು ಕೂತರೆ, ದೊಡ್ಡಮ್ಮನ ಮಾತಿನ ಹಿಂದೆ ಬೀಡಿ ಎಲೆ ಕತ್ತರಿಸುವ ಕತ್ತರಿಯ ಸದ್ದು ಕೇಳುತ್ತದೆ. ಅದು ನಿಂತ ಕಡೆಯನ್ನೆಲ್ಲ ನಾನು ಪುಟದ ಅಂಚಿನಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಕೈ ನಿಲ್ಲಿಸಿ ಅವರು ಹೇಳಿದ ಮಾತು ಆಗ ಯಾವುದು ಎಂದು ನೋಡಲಿಕ್ಕೆ.